ಕಾಳಿ ಎಂಬ ನಾಯಿಯ ಕಲ್ಲು ಮತ್ತು ಹತ್ತನೇ ಕ್ಲಾಸಿನ ಇತಿಹಾಸ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು. ಒಂದು ನಾಯಿ ಕಾಡುಹಂದಿಯ ಜೊತೆ ಕಾದಾಡುತ್ತಿರುವ ಚಿತ್ರ ಅದರ ಮೇಲಿದೆ. ಸುತ್ತ ಹಳಗನ್ನಡದ ಸಾಲುಗಳು. ನಾಯಿಯ ಹೆಸರು ಕಾಳಿ. ಕಲ್ಲು ನಿಲ್ಲಿಸಿದ್ದು ಕ್ರಿ.ಶ. 949-50ರ ಸುಮಾರಿಗೆ.

ಕಥೆ ಹೀಗಿದೆ. ತಮಿಳುನಾಡಿನ ತಕ್ಕೋಲಂನಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ದೊಡ್ಡ ಯುದ್ಧ ನಡೆಯಿತು. ಕೃಷ್ಣನ ಕಡೆ ಇದ್ದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ಒಡೆಯ 'ಏನು ಬೇಕೋ ಕೇಳು' ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿಯನ್ನು ಕೊಡಿ ಎಂದ. ಆಮೇಲೆ ಬೆಟ್ಟದಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಪೂಜೆ ಮಾಡುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತಲೂ ಬರೆಸಿದರು.

ಒಂದೇ ಕಲ್ಲಿನಲ್ಲಿ ದಕ್ಷಿಣ ಭಾರತದ ದೊಡ್ಡ ಯುದ್ಧವಿದೆ, ನಾಯಿ ಸಾಕಿದವನ ಸಂಕಟವಿದೆ, ಭೂಮಿಯ ಲೆಕ್ಕವಿದೆ, ಪೂಜಾರಿ ಮೈಗಳ್ಳ ಆಗಬಹುದು ಅನ್ನುವ ಅನುಮಾನವೂ ಇದೆ. ಇದರಲ್ಲಿ ನಮ್ಮ ಮಕ್ಕಳ ಪಾಲಿಗೆ ಬರುವುದು ಏನು? 'ತಕ್ಕೋಲಂ ಕದನ, 949.' ಅದೂ ಅದೃಷ್ಟ ಇದ್ದರೆ.

ಇತಿಹಾಸವನ್ನು ಶಾಲೆಯಲ್ಲಿ ಯಾಕೆ ಕಲಿಸಬೇಕು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, ನಮ್ಮ ಹಿರಿಯರ ಬಗ್ಗೆ ಹೆಮ್ಮೆ ಬರಲಿ ಅಂತ. ಇನ್ನೊಂದು, ಹಿಂದಿನವರ ತಪ್ಪಿನಿಂದ ಪಾಠ ಕಲಿಯಲಿ ಅಂತ. ನನಗೆ ಎರಡೂ ಅಷ್ಟಾಗಿ ಒಪ್ಪಿಗೆಯಿಲ್ಲ. ಹೆಮ್ಮೆಯೇ ಬೇಕಿದ್ದರೆ ದಸರಾ ಸ್ತಬ್ಧಚಿತ್ರ ಸಾಕು, ವಾರಕ್ಕೆ ಇಷ್ಟು ಪೀರಿಯಡ್ ಬೇಡ. ತಪ್ಪಿನಿಂದ ಪಾಠ ಅನ್ನುವುದು ಕೇಳಲು ಚೆನ್ನ. ಆದರೆ ಯಾವುದು ತಪ್ಪು, ಯಾರ ತಪ್ಪು ಅನ್ನುವುದರ ಮೇಲೇ ಜಗಳ ಇರುವಾಗ ಯಾವ ಪಾಠ ಕಲಿಯೋದು?

ನನ್ನ ಉತ್ತರ ಇವೆರಡಕ್ಕಿಂತ ಚಿಕ್ಕದು. ಯಾರಾದರೂ 'ಹೀಗಿತ್ತು' ಅಂತ ಹೇಳಿದಾಗ 'ನಿಮಗೆ ಹೇಗೆ ಗೊತ್ತು?' ಅಂತ ಕೇಳಿ, ಬಂದ ಉತ್ತರವನ್ನು ತೂಗಿ ನೋಡಲು ಮಕ್ಕಳಿಗೆ ಕಲಿಸಬಲ್ಲ ವಿಷಯ ಇದು. ವಿಜ್ಞಾನವೂ ಆ ಪ್ರಶ್ನೆ ಕೇಳುತ್ತದೆ, ನಿಜ. ಆದರೆ ಲ್ಯಾಬಿನಲ್ಲಿ ಆಮ್ಲ ಸುಳ್ಳು ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ. ರಾಜರು ಹೇಳುತ್ತಾರೆ, ಕವಿಗಳು ಹೇಳುತ್ತಾರೆ, ಇವತ್ತು ವಾಟ್ಸಾಪಿನಲ್ಲಿ ದೊಡ್ಡಪ್ಪನೂ ಹೇಳುತ್ತಾರೆ. ಹೇಳುವವನಿಗೆ ಒಂದು ಉದ್ದೇಶ ಇರುತ್ತದೆ ಅಂತ ಗೊತ್ತಿದ್ದೂ, ಅವನ ಮಾತಿನಿಂದ ನಿಜವನ್ನು ಹೆಕ್ಕಿ ತೆಗೆಯುವುದು ಬೇರೆಯೇ ಕೆಲಸ.

ಬೆಂಗಳೂರಿನ ಹೆಸರನ್ನೇ ತಗೊಳ್ಳಿ. ಈ ಕಥೆ ಕೇಳದ ಮಗು ಕರ್ನಾಟಕದಲ್ಲಿ ಕಡಿಮೆ. ಹೊಯ್ಸಳರ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ. ಹಸಿದು ಬಂದವನಿಗೆ ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು. ಅದರಿಂದ ಊರು ಬೆಂದಕಾಳೂರು ಆಯಿತು, ಮುಂದೆ ಬೆಂಗಳೂರು ಆಯಿತು. ಚೆಂದದ ಕಥೆ. ಈಗ ಬೇಗೂರಿಗೆ ಹೋಗಿ. ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೋಗುವಾಗ ಸಿಗುವ ಆ ಊರಿನ ನಾಗೇಶ್ವರ ಗುಡಿಯಲ್ಲಿ ಗಂಗರ ಕಾಲದ ಒಂದು ವೀರಗಲ್ಲಿದೆ. ಕಾಲ ಸುಮಾರು ಕ್ರಿ.ಶ. 890. ಅದರಲ್ಲಿ 'ಬೆಂಗಳೂರ ಕಾಳಗ'ದ ಮಾತು ಬರುತ್ತದೆ. ಆ ಕಾಳಗದಲ್ಲಿ ಸತ್ತವನ ನೆನಪಿಗೆ ಹಾಕಿಸಿದ ಕಲ್ಲು ಅದು.

ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕಥೆಯ ಬಲ್ಲಾಳ ಮೂರನೆಯವನು ಅಂತ ವಾದಿಸಿದರೆ ಇನ್ನೂ ನೂರಿಪ್ಪತ್ತು ವರ್ಷ ಮುಂದೆ ಹೋಗುತ್ತದೆ. ಅಂದರೆ ಅಜ್ಜಿ ಕಾಳು ಬೇಯಿಸುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಬೆಂಗಳೂರು ಅಂತ ಹೆಸರಿತ್ತು! ಕೆಂಪೇಗೌಡರು 1537ರಲ್ಲಿ ಕೋಟೆ, ಪೇಟೆ ಕಟ್ಟಿಸುವ ಹೊತ್ತಿಗೆ ಆ ಹೆಸರಿಗೆ ಆರೂವರೆ ಶತಮಾನ ವಯಸ್ಸಾಗಿತ್ತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಈ ಪತ್ತೇದಾರಿಕೆಯನ್ನು ಹನ್ನೆರಡು ವರ್ಷದ ಮಗು ತಾನೇ ಮಾಡಬಹುದು. ದೊಡ್ಡ ವಿದ್ವತ್ತು ಬೇಡ. ಎರಡನೆಯದು, ಇಸವಿ ಗೊತ್ತಿಲ್ಲದಿದ್ದರೆ ಈ ಕೆಲಸ ಆಗುವುದೇ ಇಲ್ಲ. 'ಇತಿಹಾಸ ಅಂದ್ರೆ ಇಸವಿ ಉರು ಹೊಡೆಯೋದು' ಅಂತ ಗೇಲಿ ಮಾಡುವುದು ಈಗ ಫ್ಯಾಷನ್. ನಾನೂ ಮಾಡಿದ್ದೇನೆ. ಆದರೆ 890 ಮೊದಲು, 1173 ಆಮೇಲೆ ಅನ್ನುವ ಸಣ್ಣ ಲೆಕ್ಕವೇ ಇಡೀ ಬೆಂದಕಾಳಿನ ಕಥೆಯನ್ನು ಬೀಳಿಸಿತು. ಇಸವಿ ಮೊಳೆ ಇದ್ದ ಹಾಗೆ. ಗೋಡೆಗೆ ಹೊಡೆದರೆ ಅದಕ್ಕೆ ಏನಾದರೂ ನೇತುಹಾಕಬಹುದು. ಸುಮ್ನೆ ಡಬ್ಬಿಯಲ್ಲಿ ತುಂಬಿಟ್ಟರೆ ಗಲಗಲ ಅನ್ನುತ್ತದೆ ಅಷ್ಟೆ. ನಾವು ಮಕ್ಕಳಿಗೆ ಡಬ್ಬಿ ತುಂಬ ಮೊಳೆ ಕೊಡುತ್ತೇವೆ, ಹೊಡೆಯಲು ಗೋಡೆ ಕೊಡುವುದಿಲ್ಲ.

ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಗೋಡೆ ಇಲ್ಲ ಅಂತಲ್ಲ. ಒಂದು ಉದಾಹರಣೆ ನೋಡಿ. ಎಸ್‌ಎಸ್‌ಎಲ್‌ಸಿ ಓದಿದ ಯಾರನ್ನೇ ಎಬ್ಬಿಸಿ ಕೇಳಿದರೂ 'ಸಹಾಯಕ ಸೈನ್ಯ ಪದ್ಧತಿ'ಯ ನಿಬಂಧನೆಗಳನ್ನು ಒಪ್ಪಿಸುತ್ತಾರೆ. ರಾಜ ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕು, ಅದರ ಖರ್ಚು ಕೊಡಬೇಕು, ಆಸ್ಥಾನದಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಇರಬೇಕು, ಬೇರೆ ಯುರೋಪಿಯನ್ನರನ್ನು ಸೇರಿಸಬಾರದು. ನಾಲ್ಕು ಪಾಯಿಂಟ್, ನಾಲ್ಕು ಮಾರ್ಕ್ಸ್, ಮುಗಿಯಿತು. ಮುಗಿಯಿತಾ? 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಮೈಸೂರಿನ ಗದ್ದುಗೆಯಲ್ಲಿ ಐದು ವರ್ಷದ ಮಗುವನ್ನು ಕೂರಿಸಿದರು. ಆ ಮಗುವೇ ಮುಮ್ಮಡಿ ಕೃಷ್ಣರಾಜ ಒಡೆಯರ್. ಮಗುವಿನ ಹೆಸರಲ್ಲಿ ಆದ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಾಹ (ಆಗಿನ ಚಿನ್ನದ ನಾಣ್ಯ) ಕೊಡಬೇಕು. ಮಳೆ ಬರಲಿ, ಬಾರದಿರಲಿ, ಕಂತು ತಪ್ಪುವಂತಿಲ್ಲ.

ದುಡ್ಡು ಎಲ್ಲಿಂದ ಬರಬೇಕು? ರೈತನಿಂದ. ದಿವಾನ್ ಪೂರ್ಣಯ್ಯನವರ ಕಾಲ ಹೇಗೋ ಕಳೆಯಿತು. ಆಮೇಲೆ ಕಂದಾಯ ವಸೂಲಿ ಮಾಡುವ ಅಮಲ್ದಾರರು 'ಇಷ್ಟು ವಸೂಲಿ ಮಾಡಿಯೇ ಕೊಡುತ್ತೇನೆ' ಅಂತ ಬರೆದುಕೊಡುವ ಶರತ್ತು ಪದ್ಧತಿ ಬಂತು. ಬರೆದುಕೊಟ್ಟವನು ಹಿಂಡದೆ ಬಿಡುತ್ತಾನಾ? 1830ರಲ್ಲಿ ನಗರದ ಕಡೆ, ಅಂದರೆ ಇವತ್ತಿನ ಶಿವಮೊಗ್ಗ ಸೀಮೆಯಲ್ಲಿ ರೈತರು ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಆಡಳಿತವನ್ನೇ ಕಿತ್ತುಕೊಂಡಿತು. ಅದು ಒಡೆಯರಿಗೆ ವಾಪಸ್ ಸಿಕ್ಕಿದ್ದು 1881ರಲ್ಲಿ. ಕೊಡುವಾಗಲೂ ವರ್ಷದ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸುವ ಷರತ್ತು ಹಾಕಿದರು.

ಕಪ್ಪವೊಂದೇ ದಂಗೆಗೆ ಕಾರಣ ಅಂತ ಹೇಳಲಾಗದು. ಅರಮನೆಯ ಖರ್ಚಿತ್ತು, ಅಧಿಕಾರಿಗಳ ದಬ್ಬಾಳಿಕೆ ಇತ್ತು, ಪಾಳೆಯಗಾರರ ಹಳೆಯ ಸಿಟ್ಟಿತ್ತು. ಯಾವುದು ಎಷ್ಟು ಅಂತ ಚರ್ಚೆ ಮಾಡಬಹುದು. ಆ ಚರ್ಚೆಯೇ ಪಾಠ ಆಗಬೇಕಿತ್ತು. ಪುಸ್ತಕದಲ್ಲಿ ಸಹಾಯಕ ಸೈನ್ಯ ಪದ್ಧತಿ ಒಂದು ಕಡೆ, ನಗರ ದಂಗೆ ಇನ್ನೊಂದು ಕಡೆ, 1831ರ ಆಮೇಲೆ ಮೈಸೂರನ್ನು ಆಳಿದ ಬ್ರಿಟಿಷ್ ಕಮಿಷನರುಗಳು ಮತ್ತೊಂದು ಕಡೆ ಇರುತ್ತಾರೆ. ಮೂರೂ ಒಂದೇ ದಾರದ ಮಣಿಗಳು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಸಾಲ ಕೊಟ್ಟವನು ಷರತ್ತು ಹಾಕಿದರೆ ಮನೆಯ ಕೊನೆಯ ಮನುಷ್ಯನವರೆಗೆ ಅದು ಹೇಗೆ ಇಳಿಯುತ್ತದೆ ಅಂತ ಒಮ್ಮೆ ಅರ್ಥವಾದ ಹುಡುಗ ಇವತ್ತಿನ ಪೇಪರನ್ನೂ ಬೇರೆ ಥರ ಓದುತ್ತಾನೆ.

ಈಗ ಜಗಳದ ವಿಷಯಕ್ಕೆ ಬರೋಣ. ಬರದೆ ಇರಲಾಗದು. ಕರ್ನಾಟಕದಲ್ಲಿ ಪಠ್ಯಪುಸ್ತಕ ಅಂದರೆ ಜನಕ್ಕೆ ನೆನಪಾಗುವುದು ಸಮಿತಿಗಳು. ಬರಗೂರು ರಾಮಚಂದ್ರಪ್ಪ ಅವರ ಸಮಿತಿ ಒಂದು ರೀತಿ ತಿದ್ದಿತು. 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಸಮಿತಿಯ ಪರಿಷ್ಕರಣೆ ಬಂದಾಗ ಬೀದಿಯಲ್ಲಿ ಪ್ರತಿಭಟನೆ ನಡೆಯಿತು. 2023ರಲ್ಲಿ ಸರ್ಕಾರ ಬದಲಾಯಿತು, ಜೂನ್‌ನಲ್ಲೇ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳನ್ನು ಮತ್ತೆ ತಿದ್ದುವ ತೀರ್ಮಾನವಾಯಿತು. ದೆಹಲಿಯಲ್ಲೂ ಇದೇ ಕಥೆ. ಎನ್‌ಸಿಇಆರ್‌ಟಿ ಹನ್ನೆರಡನೇ ತರಗತಿಯ ಪುಸ್ತಕದಿಂದ ಮೊಘಲ್ ದರ್ಬಾರಿನ ಅಧ್ಯಾಯವನ್ನು ಕೈಬಿಟ್ಟಿತು. ಯಾರ ಹೆಸರು ಇರಬೇಕು, ಯಾರಿಗೆ ಎಷ್ಟು ಪುಟ, ಯಾರ ಮುಂದೆ ಯಾವ ಬಿರುದು. ಜಗಳ ಇಷ್ಟೇ. ಎರಡೂ ಕಡೆಯವರು ಒಪ್ಪಿಕೊಂಡಿರುವ ಒಂದು ವಿಷಯವಿದೆ ಅಂತ ನನಗೆ ಅನ್ನಿಸುತ್ತದೆ: ಪುಸ್ತಕದಲ್ಲಿ ಬರೆದದ್ದನ್ನು ಮಗು ಹಾಗೇ ನುಂಗುತ್ತದೆ ಅಂತ. ಹಾಗಾಗಿ ಸರಿಯಾದ ತುತ್ತು ಇಟ್ಟರೆ ಆಯಿತು.

ಟಿಪ್ಪುವಿನ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಆಗ ಟಿಪ್ಪು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆದ, ನೆರವು ಕಳಿಸಿದ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಆ ಕಾಗದಗಳನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು. ಅದೇ ಟಿಪ್ಪುವಿನ ಸೈನ್ಯ ಕೊಡಗಿನಲ್ಲಿ ಸಾವಿರಾರು ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದಕ್ಕೂ ಆಧಾರ ಇದೆ. ಅವನದೇ ಕಾಗದಗಳಲ್ಲೂ ಇದೆ. ಒಂದು ಗುಂಪು ಮೊದಲನೆಯದನ್ನು ಹಿಡಿದುಕೊಂಡರೆ ಇನ್ನೊಂದು ಗುಂಪು ಎರಡನೆಯದನ್ನು ಹಿಡಿದುಕೊಂಡಿದೆ. ಒಂಬತ್ತನೇ ಕ್ಲಾಸಿನ ಮಗುವಿನ ಮುಂದೆ ಎರಡನ್ನೂ ಇಟ್ಟು 'ಒಬ್ಬನೇ ಮನುಷ್ಯ ಎರಡನ್ನೂ ಯಾಕೆ ಮಾಡಿರಬಹುದು?' ಅಂತ ಕೇಳಿದರೆ ಏನಾಗುತ್ತದೆ? ಮಗು ಯೋಚನೆ ಮಾಡುತ್ತದೆ. ನಮಗೆ ಹೆದರಿಕೆ ಇರುವುದು ಬಹುಶಃ ಅದಕ್ಕೇ.

ಇದಕ್ಕಿಂತ ನನಗೆ ಇಷ್ಟವಾದ ಇನ್ನೊಂದು ಕಲ್ಲಿದೆ. ಶ್ರವಣಬೆಳಗೊಳದಲ್ಲಿ, 1368ರದ್ದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ತಂದರು. ಬುಕ್ಕ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಜೈನ ದರ್ಶನಕ್ಕೂ ವೈಷ್ಣವ ದರ್ಶನಕ್ಕೂ ಭೇದವಿಲ್ಲ ಎಂದ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಮೊದಲಿನ ಹಾಗೇ ಇರುತ್ತದೆ ಎಂದ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನ. ಅವರ ಖರ್ಚಿಗೆ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು, ಉಳಿದದ್ದು ಬಸದಿಗಳ ದುರಸ್ತಿಗೆ.

ಇದನ್ನು ಭಾಷಣದಲ್ಲಿ ಎರಡು ಥರ ಬಳಸುತ್ತಾರೆ. ನೋಡಿ, ಎಂಥ ಸಾಮರಸ್ಯ! ಅಥವಾ, ನೋಡಿ, ಆಗಲೇ ಎಂಥ ಜಗಳ! ಕಲ್ಲು ಎರಡನ್ನೂ ಹೇಳುತ್ತಿದೆ. ಜಗಳ ಇಲ್ಲದಿದ್ದರೆ ರಾಜಿ ಯಾಕೆ? ಭೇದವಿಲ್ಲ ಅಂದ ಮೇಲೆ ಇಪ್ಪತ್ತು ಕಾವಲುಗಾರರು ಯಾಕೆ? ಕಾವಲು ಬೇಕಾದದ್ದು ದೇವರಿಗೆ, ಸರಿ. ಆದರೆ ಕಾಸು ಕೊಡಬೇಕಾದವರು ದೂರು ತಂದವರೇ ಅಲ್ವಾ? ಇದೇ ಶಾಸನದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಅಷ್ಟು ದೂರದಲ್ಲಿ ಒಂದು ಪ್ರತಿ ಯಾಕೆ ಬೇಕಾಯಿತು? ಒಂದು ಗಂಟೆಯ ಪೀರಿಯಡ್ ಸಾಲುವುದಿಲ್ಲ. ಬುಕ್ಕರಾಯ ಒಳ್ಳೆಯವನೋ ಅಲ್ಲವೋ ಅನ್ನುವುದು ಆಮೇಲೆ ಯಾರಿಗೂ ಮುಖ್ಯ ಅನ್ನಿಸುವುದಿಲ್ಲ. ಜೊತೆಗೆ ಬದುಕಲು ಜನ ಆಗ ಏನೇನು ಏರ್ಪಾಡು ಮಾಡಿಕೊಂಡರು, ಅದಕ್ಕೆ ಯಾರು ದುಡ್ಡು ಕೊಟ್ಟರು ಅನ್ನುವುದೇ ಮುಖ್ಯವಾಗುತ್ತದೆ.

ಒಂದು ಎಚ್ಚರಿಕೆ. 'ಪ್ರಶ್ನೆ ಕೇಳಲು ಕಲಿಸಿ' ಅನ್ನುವುದು 'ಯಾರು ಏನು ಬೇಕಾದರೂ ಅನ್ನಬಹುದು' ಅಂತ ಆಗಬಾರದು. ಬೇಗೂರಿನ ಕಲ್ಲು 890ರ ಸುಮಾರಿನದು. ನಿಮಗೆ ಇಷ್ಟ ಇರಲಿ ಬಿಡಲಿ, ಅದು ಅಲ್ಲಿದೆ. ಆಧಾರಕ್ಕೆ ಬಗ್ಗುವುದೂ ಈ ವಿಷಯ ಕಲಿಸುವ ಶಿಸ್ತೇ.

ಪುಸ್ತಕ ಬದಲಾಗುವುದರಲ್ಲೂ ಎರಡು ಬಗೆ ಇದೆ. ನಾವು ಓದುವಾಗ ಕನ್ನಡದ ಮೊದಲ ಶಾಸನ ಯಾವುದು ಅಂದರೆ ಉತ್ತರ ಹಲ್ಮಿಡಿ, ಸುಮಾರು 450. ಅನುಮಾನವೇ ಇರಲಿಲ್ಲ. 2013ರಲ್ಲಿ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಹತ್ತಿರ ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ಒಂದು ಸಿಂಹಕಟಾಂಜನ, ಅಂದರೆ ಸಿಂಹದ ಕೆತ್ತನೆಯ ಮೆಟ್ಟಿಲ ಪಕ್ಕದ ಕೈಪಿಡಿಗಲ್ಲು ಸಿಕ್ಕಿತು. ಅದರ ಮೇಲಿನ ಬರಹ ಸುಮಾರು 370ರದ್ದು ಅಂತ ಹಲವು ವಿದ್ವಾಂಸರು ಹೇಳಿದರು, ಇನ್ನು ಕೆಲವರು ಒಪ್ಪಲಿಲ್ಲ. ಅಕ್ಷರದ ಆಕಾರ, ಭಾಷೆ, ರಾಜರ ಕಾಲ ಎಲ್ಲ ಇಟ್ಟುಕೊಂಡು ವಾದ ನಡೆಯಿತು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗೆ ಮಣ್ಣು ಅಗೆಯುವಾಗ ಕಿತ್ತಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು. ಕಾಲ ಸುಮಾರು 750. ಬೇಗೂರಿನದಕ್ಕಿಂತ ನೂರನಲವತ್ತು ವರ್ಷ ಹಳೆಯದು, ನಗರದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನ. ಹಾರೆ, ಗುದ್ದಲಿಯಿಂದ ಬದಲಾಗುವ ಇತಿಹಾಸ ಇದು. ಚುನಾವಣೆಯಿಂದ ಬದಲಾಗುವುದು ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಮಗು ಹತ್ತನೇ ಕ್ಲಾಸ್ ದಾಟಿದರೆ 'ಇತಿಹಾಸ ಅಂದ್ರೆ ಅವರವರಿಗೆ ಬೇಕಾದಂಗೆ ಬರ್ಕೊಳ್ಳೋದು' ಅಂತಲೇ ಅಂದುಕೊಳ್ಳುತ್ತದೆ. ಅಂದುಕೊಂಡಿರುವ ದೊಡ್ಡವರು ಎಷ್ಟು ಜನ ಬೇಕು ನಿಮಗೆ?

ಮೇಷ್ಟ್ರುಗಳನ್ನು ಬೈದು ಪ್ರಯೋಜನವಿಲ್ಲ. ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನ ಅಂದರೆ ಒಂದೇ ರಟ್ಟಿನೊಳಗೆ ಆರು ವಿಷಯ: ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಒಬ್ಬರೇ ಟೀಚರ್. ಜನವರಿ ಬಂದರೆ ರಿವಿಷನ್, ಪಾಸಿಂಗ್ ಪ್ಯಾಕೇಜ್, ಪ್ರಿಪರೇಟರಿ. ಇದರ ನಡುವೆ ಶ್ರವಣಬೆಳಗೊಳದ ಕಲ್ಲಿಗೆ ಒಂದು ಗಂಟೆ ಎಲ್ಲಿಂದ ತರುತ್ತಾರೆ? ಅಪ್ಪ ಅಮ್ಮಂದಿರ ಲೆಕ್ಕ ಇನ್ನೂ ಸರಳ. ಪಿಯುಸಿಯಲ್ಲಿ ಸೈನ್ಸ್, ಆಗದಿದ್ದರೆ ಕಾಮರ್ಸ್, ಏನೂ ಸಿಗದಿದ್ದರೆ ಆರ್ಟ್ಸ್. ತಮಾಷೆ ಅಂದರೆ, ಹೀಗೆ ಇತಿಹಾಸ ಬಿಟ್ಟು ಓಡಿದ ಎಂಜಿನಿಯರುಗಳು ಇಪ್ಪತ್ತೈದನೇ ವಯಸ್ಸಿಗೆ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತು ಕದಂಬರಿಂದ ಶುರು ಮಾಡುತ್ತಾರೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಲ್ಲದಕ್ಕೂ ಇತಿಹಾಸ ಬೇಕಲ್ಲ. ಅಲ್ಲೂ ಮತ್ತೆ ಮೊಳೆಯ ಡಬ್ಬಿಯೇ.

ಪುಸ್ತಕಕ್ಕಿಂತ ಪ್ರಶ್ನೆಪತ್ರಿಕೆ ಬದಲಾದರೆ ಜಾಸ್ತಿ ಪ್ರಯೋಜನ ಅಂತ ನನ್ನ ಅಂದಾಜು. ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಅದನ್ನೇ ಕ್ಲಾಸಿನಲ್ಲಿ ಕಲಿಸುತ್ತಾರೆ, ಇದು ಎಲ್ಲ ಕಡೆಯ ಸತ್ಯ. ಇಂಗ್ಲೆಂಡಿನಲ್ಲಿ ಹದಿನಾರರ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಹಳೆಯ ಕಾಗದವನ್ನೋ ಚಿತ್ರವನ್ನೋ ಕೊಟ್ಟು, ಇದನ್ನು ಎಷ್ಟು ನಂಬಬಹುದು, ಯಾಕೆ ಅಂತ ಕೇಳುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ, ಸಿಬಿಎಸ್‌ಇ ಹನ್ನೆರಡನೇ ತರಗತಿಯ ಇತಿಹಾಸ ಪತ್ರಿಕೆಯಲ್ಲೂ ಮೂಲ ಆಧಾರದ ತುಣುಕು ಕೊಟ್ಟು ಪ್ರಶ್ನೆ ಇರುತ್ತದೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದ 100 ಅಂಕದಲ್ಲಿ 80 ಬರವಣಿಗೆಗೆ, 20 ಶಾಲೆಯ ಒಳಗಿನ ಮೌಲ್ಯಮಾಪನಕ್ಕೆ. ಆ ಇಪ್ಪತ್ತು ಹೇಗೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಇಂಟರ್‌ನೆಟ್‌ನಿಂದ ಇಳಿಸಿದ ಚಿತ್ರ ಅಂಟಿಸಿದ ಪ್ರಾಜೆಕ್ಟ್, ಮೇಲೊಂದು ಬಣ್ಣದ ರಟ್ಟು.

ಅದರ ಬದಲು ಊರಿನ ಕಲ್ಲನ್ನೇ ಓದಿಸಬಹುದು. ಬಿ.ಎಲ್. ರೈಸ್ ಅವರು 1886ರಿಂದ ಹನ್ನೆರಡು ಸಂಪುಟಗಳಲ್ಲಿ ಮೈಸೂರು ಮತ್ತು ಕೊಡಗಿನ ಸುಮಾರು 9000 ಶಾಸನಗಳನ್ನು ತಂದರು. ಆಮೇಲೆ ಸಿಕ್ಕಿದ್ದು ಎಷ್ಟೋ. ಹಳೇ ಮೈಸೂರು, ಮಲೆನಾಡು, ಉತ್ತರ ಕರ್ನಾಟಕ, ಎಲ್ಲಿಗೆ ಹೋದರೂ ಕೆರೆ ಏರಿಯ ಮೇಲೋ ಗುಡಿಯ ಹಿಂದೋ ಒಂದು ವೀರಗಲ್ಲು ಸಿಗುತ್ತದೆ. ಅದನ್ನು ಓದಲು ಹಳಗನ್ನಡವೂ ಬೇಕಿಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ. ಪಕ್ಕದಲ್ಲಿ ದನ ಇದ್ದರೆ ಅದು ತುರುಗಾಳಗ, ದನ ಕದಿಯಲು ಬಂದವರ ಜೊತೆ ಆದದ್ದು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಪಕ್ಕದಲ್ಲಿ ಬಳೆ ತೊಟ್ಟ ಒಂದು ತೋಳು ಮಾತ್ರ ಕೆತ್ತಿದ ಕಲ್ಲಿದ್ದರೆ ಅದು ಮಾಸ್ತಿಕಲ್ಲು, ಗಂಡ ಸತ್ತ ಮೇಲೆ ಸಹಗಮನ ಮಾಡಿದ ಹೆಂಡತಿಯ ನೆನಪಿನದು. ಅಲ್ಲಿಗೆ ಬಂದಾಗ ಹುಡುಗಿಯರು ಕೇಳುವ ಪ್ರಶ್ನೆಗೆ ಮೇಷ್ಟ್ರು ತಯಾರಿ ಮಾಡಿಕೊಂಡೇ ಹೋಗಬೇಕು.

ಕೆರೆಯ ಹತ್ತಿರದ ಶಾಸನದಲ್ಲಿ 'ಬಿತ್ತುವಟ್ಟ' ಅನ್ನುವ ಮಾತು ಸಿಗಬಹುದು. ಕೆರೆ ನೋಡಿಕೊಳ್ಳುವವನಿಗೆ ಕೆರೆಯ ಕೆಳಗಿನ ಜಮೀನು ಬಿಡುವ ಏರ್ಪಾಡು ಅದು. ಹೂಳು ಎತ್ತುವುದು ಯಾರ ಕೆಲಸ, ಅದಕ್ಕೆ ಸಂಬಳ ಎಲ್ಲಿಂದ ಅಂತ ಸಾವಿರ ವರ್ಷದ ಹಿಂದೆ ಕಲ್ಲಿನಲ್ಲೇ ಬರೆದಿಟ್ಟಿದ್ದರು. ಮಕ್ಕಳು ಅದನ್ನು ನಕಲು ಮಾಡಿಕೊಂಡು ಹಾಗೇ ಪಂಚಾಯ್ತಿ ಆಫೀಸಿಗೆ ಹೋಗಿ, ಈಗ ಈ ಕೆರೆಯ ಹೂಳು ಎತ್ತೋದು ಯಾರು, ಅದರ ಕೆಳಗಿನ ಜಮೀನು ಈಗ ಯಾರ ಹೆಸರಲ್ಲಿದೆ ಅಂತ ಕೇಳಿ ಬರೆದುಕೊಂಡು ಬರಲಿ. ಇಪ್ಪತ್ತಕ್ಕೆ ಇಪ್ಪತ್ತು ಕೊಡಬಹುದು. ಪಂಚಾಯ್ತಿಯವರು ಉತ್ತರ ಕೊಡದೆ ಕಳಿಸಿದರೆ, ಅದನ್ನೂ ಬರೆದುಕೊಂಡು ಬಂದರೆ ಆಯಿತು.